ಅಡುಗೆಮನೆಯ ಚೀಟಿಗಳು

ಗಂಡ ತೀರಿಕೊಂಡು ಐದು ವಾರವಾಗಿತ್ತು. ಅವಳು ಇನ್ನೂ ಅತ್ತಿರಲಿಲ್ಲ. ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಎಂದು ಮನೆಗೆ ಬಂದವರೆಲ್ಲ ಕಾದು ಕೂತು, ಚಹಾ ಕುಡಿದು, ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದು ಹೋಗಿದ್ದರು. ಆ ಲೋಟಗಳನ್ನು ಬಗ್ಗಿ ಹುಡುಕಿ ತೊಳೆದಿಟ್ಟವಳೂ ಅವಳೇ.

ದುಃಖವಿರಲಿಲ್ಲ ಎಂದಲ್ಲ. ಎಲ್ಲೋ ಇದ್ದಿರಬೇಕು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಕೂತು ಎದ್ದರೆ ಕಾಲು ಜೋಮು ಹಿಡಿದು ನೆಲಕ್ಕೆ ತಾಗಿದ್ದೇ ತಿಳಿಯುವುದಿಲ್ಲವಲ್ಲ, ಅವಳಿಗೆ ಇಡೀ ಮೈ ಹಾಗಾಗಿತ್ತು. ಹಾಲು ಉಕ್ಕುವ ಮೊದಲೇ ಕೈ ತಾನಾಗಿ ಒಲೆಯ ಕಿವಿ ಹಿಂಡುತ್ತಿತ್ತು. ಅತ್ತೆಯ ಮಾತ್ರೆಗಳು ಬೆಳಿಗ್ಗೆ ಎರಡು, ಸಂಜೆ ಒಂದು, ತಪ್ಪದೆ ಮಂಚದ ಬಳಿ ಹೋಗುತ್ತಿದ್ದವು. ಮನೆ ನಡೆಯುತ್ತಿತ್ತು. ನಡೆಸುತ್ತಿರುವವಳು ಅಲ್ಲಿಲ್ಲ ಎನ್ನುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಒಂದ್ಸಲ ಅತ್ತುಬಿಡೇ ತಾಯಿ," ಎಂದಿದ್ದರು ಅತ್ತೆ. "ನಾನು ಮೂರು ದಿನ ಗೊಳೋ ಅಂದೆ, ಹಗುರಾಯ್ತು. ಒಳಗೇ ಇಟ್ಕೊಂಡ್ರೆ ಗ್ಯಾಸ್ ಆಗುತ್ತೆ."

"ಬಂದಾಗ ಅಳ್ತೀನಿ. ಈಗ ಮಾತ್ರೆ ನುಂಗಿ."

ಮನೆಯೆಂದರೆ ರೈಲು ಡಬ್ಬಿಯ ಹಾಗೆ ಒಂದರ ಹಿಂದೊಂದು ಮೂರು ಕೋಣೆ. ಬೀದಿಗೆ ತೆರೆಯುವ ಮುಂದಿನ ಕೋಣೆ ಗಂಡನ ವೀಡಿಯೋ ಸ್ಟುಡಿಯೋ. ಅದರ ಹಿಂದೆ ಅಡುಗೆಮನೆ, ನಡುವೆ ಒಂದೇ ಗೋಡೆ. ಕೊನೆಯದು ಮಲಗುವ ಕೋಣೆ, ಅದರಲ್ಲಿ ಅತ್ತೆಯ ಮಂಚ. ಮಹಡಿಯ ಮೇಲೆ ಮೈದುನ. ಅವನು ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದ. ಮದುವೆಯ ಗೋಜಿಗೆ ಹೋಗಿರಲಿಲ್ಲ. ಊಟಕ್ಕೆ ಮಾತ್ರ ಗಡಿಯಾರದ ಮುಳ್ಳಿನಂತೆ ಕೆಳಗಿಳಿಯುತ್ತಿದ್ದ.

ಮೂವತ್ತು ವರ್ಷ ಆ ಊರಿನಲ್ಲಿ ನಡೆದದ್ದೆಲ್ಲ ಗಂಡನ ಕ್ಯಾಮೆರಾದೊಳಗೆ ಹೋಗಿತ್ತು. ಮದುವೆಗಳು, ಶಾಲೆಯ ವಾರ್ಷಿಕೋತ್ಸವಗಳು, ನಿವೃತ್ತಿಯ ಸಮಾರಂಭಗಳು, ಹೊಸ ಸೇತುವೆಯ ಮೇಲೆ ಮೊದಲ ಬಸ್ಸು, ಹಳೆಯ ಗಿರಣಿಯ ಕೊನೆಯ ಸೈರನ್ನು. ಚಿತ್ರ ತೆಗೆಯುವುದರಲ್ಲಿ ಅವನೇನು ಎತ್ತಿದ ಕೈಯಲ್ಲ. ಕೆಲವು ಮದುವೆಗಳಲ್ಲಿ ವಧುವಿಗಿಂತ ಅವಳ ಹಿಂದಿನ ಪರದೆಯೇ ಹೆಚ್ಚು ಸ್ಪಷ್ಟ. ಅವನ ಹೆಸರು ನಿಂತಿದ್ದು ನೆನಪಿನ ಮೇಲೆ. ಯಾರಾದರೂ ಬಂದು, "ಸ್ವಾಮಿ, ನಮ್ಮಪ್ಪ ಹೋಗಿಬಿಟ್ರು, ಅವರು ನಗೋದು ಎಲ್ಲಾದ್ರೂ ಇದೆಯಾ, ಬರೀ ನಗೋದು ಸಾಕು," ಎಂದರೆ, "ಒಂದು ನಿಮಿಷ ಕೂತ್ಕೊಳ್ಳಿ" ಎನ್ನುತ್ತಿದ್ದ. ಐದು ನಿಮಿಷದೊಳಗೆ ಪರದೆಯ ಮೇಲೆ ಅಪ್ಪ ನಗುತ್ತಿದ್ದರು. ಸ್ಟುಡಿಯೋದವರ ತಲೆಯಲ್ಲಿ ಇಡೀ ಊರು ಇದೆ ಎಂದು ಜನ ಹೇಳುತ್ತಿದ್ದರು.

ಆ ಐದು ನಿಮಿಷದಲ್ಲಿ ನಡೆಯುತ್ತಿದ್ದುದು ಇಷ್ಟೇ. ಅವನು ಅಡುಗೆಮನೆಯ ಬಾಗಿಲಿಗೆ ಬಂದು, ದನಿ ತಗ್ಗಿಸಿ, "ಇವಳೇ, ಗಿರಣಿ ಫೋರ್‌ಮನ್, ಬೋಳುತಲೆ, ನಗ್ತಿರೋದು?" ಎನ್ನುತ್ತಿದ್ದ. ಅವಳು ಈರುಳ್ಳಿಯಿಂದ ತಲೆಯೆತ್ತದೆ, "ಅವರ ಅಣ್ಣನ ಮಗಳ ಮದುವೆ, ಸಾವಿರದ ನಾನ್ನೂರಾ ಹನ್ನೆರಡು, ಮೂವತ್ತೆಂಟನೇ ನಿಮಿಷ. ಐಸ್‌ಕ್ರೀಮ್ ಕೋಟಿನ ಮೇಲೆ ಬಿದ್ದಾಗ," ಎನ್ನುತ್ತಿದ್ದಳು. ಅವನು ಮುಂದಿನ ಕೋಣೆಗೆ ಹೋಗಿ ಹಣೆ ತಟ್ಟಿಕೊಂಡು, "ಹಾಂ, ನೆನಪಾಯ್ತು!" ಎನ್ನುತ್ತಿದ್ದ.

ಅವಳಿಗೂ ಎಲ್ಲ ತಲೆಯಲ್ಲಿರಲಿಲ್ಲ. ಅವಳು ಬರೆದಿಡುತ್ತಿದ್ದಳು. ಕ್ಯಾಸೆಟ್ಟಿನ ಕಾಲದಲ್ಲಿ ಡಬ್ಬಿಯ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದಳು. ಕ್ಯಾಸೆಟ್ಟು ಹೋಗಿ ಎಲ್ಲ ಕಂಪ್ಯೂಟರಿನ ಫೈಲುಗಳಾದಾಗ, "ಇನ್ನು ನಿನ್ನ ಚೀಟಿ ಇಲಾಖೆ ಬಂದ್" ಎಂದು ಗಂಡ ನಕ್ಕಿದ್ದ. ಅವಳು ಬಂದ್ ಮಾಡಲಿಲ್ಲ. ಪ್ರತಿಯೊಂದು ವೀಡಿಯೋ ಫೈಲಿನ ಪಕ್ಕದಲ್ಲಿ, ಅದೇ ಹೆಸರಿನ ಒಂದು ಪುಟ್ಟ ಬರವಣಿಗೆಯ ಫೈಲು ಮಾಡಿಟ್ಟಳು. ವೀಡಿಯೋ 1412 ಆದರೆ ಅದರ ಚೀಟಿಯೂ 1412. ವಿವರವನ್ನೆಲ್ಲ ವೀಡಿಯೋದ ಒಳಗೇ ತುಂಬಿಸಬಹುದು ಎಂದು ಕಂಪ್ಯೂಟರ್ ಅಂಗಡಿಯವನು ಹೇಳಿಕೊಡಲು ಬಂದಿದ್ದ. ಅವಳು ಒಪ್ಪಲಿಲ್ಲ. "ಒಂದು ಅಕ್ಷರ ತಿದ್ದೋಕೆ ಇಡೀ ವೀಡಿಯೋ ಯಾಕೆ ಬಿಚ್ಚಬೇಕು? ಪಕ್ಕದಲ್ಲಿರಲಿ. ನಾಳೆ ಬೇರೆ ಮೆಷಿನ್ ಬಂದ್ರೂ ಅಕ್ಷರ ಅಕ್ಷರಾನೇ," ಎಂದಿದ್ದಳು. ಗಂಡನಿಗೆ ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದಳು: "ಡಬ್ಬ ಎತ್ತುವಾಗ ಮುಚ್ಚಳಾನೂ ಎತ್ತಿ. ಎರಡೂ ಜೊತೆಗೇ ಹೋಗ್ಬೇಕು. ಒಂದರ ಹೆಸರು ಬದಲಾದ್ರೆ ಇನ್ನೊಂದರದ್ದೂ ಬದಲಾಗ್ಬೇಕು. ಇಲ್ದಿದ್ರೆ ಯಾವುದರ ಮುಚ್ಚಳ ಯಾವುದಕ್ಕೆ ಅಂತ ಆ ಬ್ರಹ್ಮನಿಗೂ ಗೊತ್ತಾಗಲ್ಲ."

ಚೀಟಿ ಬರೆಯಲು ಅವಳಿಗೆ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತ್ತು. ಗಂಡ ಹೊಸದು ಕೊಂಡಾಗ ಮುಂದಿನ ಕೋಣೆಯಿಂದ ಹೊರಬಿದ್ದದ್ದು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಕ್ಕೂ ತೊಟ್ಟಿಯ ಮೇಲಿನ ಕಿಟಕಿಗೂ ನಡುವೆ ಜಾಗ ಮಾಡಿ ಇಟ್ಟಿದ್ದ. ನಡುಗೋಡೆಗೆ ತೂತು ಕೊರೆದು ತಂತಿ ಎಳೆದವನೂ ಅವನೇ. ವೀಡಿಯೋ ಆ ತಂತಿಯಲ್ಲಿ ಒಳಗೆ ಬರುತ್ತಿತ್ತು, ಚೀಟಿ ಹೊರಗೆ ಹೋಗುತ್ತಿತ್ತು. ಕುಕ್ಕರಿನ ಮೊದಲ ಕೂಗಿಗೂ ಮೂರನೆಯ ಕೂಗಿಗೂ ನಡುವೆ, ಹಾಲು ಕಾಯುವ ಹೊತ್ತಿನಲ್ಲಿ, ಬಟ್ಟೆ ನೆನೆಯುವ ಹೊತ್ತಿನಲ್ಲಿ ಅವಳು ಬರೆಯುತ್ತಿದ್ದಳು. 'ಅ' ಕೀಲಿಯ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಹಿಟ್ಟು.

ಮೊದಲ ಸಾಲಿನಲ್ಲಿ ವೀಡಿಯೋದ ಉದ್ದ. ಅದನ್ನೂ ಅವಳು ಬರೆಯುತ್ತಿದ್ದುದು ಅಡುಗೆಮನೆಯ ಅಳತೆಯಲ್ಲೇ: 'ಒಂದು ಗಂಟೆ ಎಂಟು ನಿಮಿಷ, ಚಿಟಿಕೆಯಷ್ಟು ಹೆಚ್ಚು.' ಆಮೇಲೆ ನಿಮಿಷವಾರು ವಿವರ.

'12: ಹಸಿರು ಶಾಲು ಹುಡುಗಿಯ ಚಿಕ್ಕಮ್ಮ. ಕನ್ನಡಕದವರು ಸೋದರತ್ತೆ. ಇವರಿಬ್ಬರಿಗೆ ಮಾತಿಲ್ಲ, ಒಂದೇ ಫ್ರೇಮಿನಲ್ಲಿ ಇಡಬೇಡಿ.'

'27: ಭಾಷಣ. ಏನೂ ಇಲ್ಲ.'

'44: ಮೂಲೆಯಲ್ಲಿ ಒಬ್ಬರೇ ಕೂತು ತಿನ್ನುತ್ತಿರುವವರು ಅಂಚೆಯಣ್ಣ. ಇದಾದ ಹದಿನೈದು ದಿನಕ್ಕೆ ಹೋದರು. ಅವರ ಮನೆಯವರು ಕೇಳಿಕೊಂಡು ಬಂದರೆ ಇದನ್ನೇ ತೋರಿಸಿ.'

ಹೀಗೆ ಆರು ಸಾವಿರದ ಇನ್ನೂರು ಚೀಟಿಗಳು. ಎಲ್ಲವನ್ನೂ ಒಟ್ಟು ಸೇರಿಸಿದರೂ ಒಂದು ನಿಮಿಷದ ವೀಡಿಯೋದಷ್ಟು ಜಾಗವನ್ನೂ ತಿನ್ನುತ್ತಿರಲಿಲ್ಲ.

ಗಂಡ ಹೋದ ಎರಡನೇ ವಾರ ಊರಿನ ಗ್ರಂಥಾಲಯದಿಂದ ಕಾಗದ ಬಂದಿತ್ತು. ಮೂವತ್ತು ವರ್ಷದ ಈ ಸಂಗ್ರಹ ಊರಿನ ಆಸ್ತಿ, ನಮಗೆ ಕೊಟ್ಟರೆ ಒಂದು ಕೋಣೆಯಲ್ಲಿಟ್ಟು, ಕೋಣೆಗೆ ನಿಮ್ಮ ಯಜಮಾನರ ಹೆಸರಿಡುತ್ತೇವೆ ಎಂದಿತ್ತು. ಮೈದುನ ಗಟ್ಟಿಯಾಗಿ ಓದಿ ಹೇಳಿದ. ಅವಳು "ಹೂಂ" ಎಂದಳು. ಆ ದಿನಗಳಲ್ಲಿ ಏನು ಕೇಳಿದರೂ ಅವಳು ಹೂಂ ಎನ್ನುತ್ತಿದ್ದಳು.

ಮೈದುನ ಅದನ್ನು ತಲೆಯ ಮೇಲೆ ಹೊತ್ತುಕೊಂಡ. ಕೆಟ್ಟವನಲ್ಲ. ಅಣ್ಣನಿಗಾಗಿ ಏನಾದರೂ ಮಾಡಬೇಕೆಂದು ಚಡಪಡಿಸುತ್ತಿದ್ದ. ಅವನಿಗೆ ಬರುತ್ತಿದ್ದುದು ಅದೊಂದೇ ಕೆಲಸ. ಹತ್ತು ದಿನ ರಜೆ ಹಾಕಿ ಮುಂದಿನ ಕೋಣೆಯಲ್ಲಿ ಕೂತ. ಊಟಕ್ಕೆ ಮೂರು ಹೊತ್ತು, ಚಹಾಕ್ಕೆ ನಾಲ್ಕು ಹೊತ್ತು ಅಲ್ಲಿಂದಲೇ ಕೂಗಿದ. ಹನ್ನೊಂದನೆಯ ದಿನ ಹೊಸ ಡಿಸ್ಕುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ಅವಳನ್ನು ಕರೆದ.

"ಅತ್ತಿಗೆ, ನೋಡಿ. ಒಂದರಿಂದ ಆರು ಸಾವಿರದ ಇನ್ನೂರರವರೆಗೆ, ತಾರೀಖಿನ ಪ್ರಕಾರ ಸಾಲಾಗಿ ಹೊಸ ನಂಬರು. ಅಣ್ಣ ಏನೇನೋ ನಂಬರು ಕೊಟ್ಟಿದ್ದ, ನಡುನಡುವೆ ಹಾರಿಸಿಬಿಟ್ಟಿದ್ದ. ಈಗ ಮುತ್ತು ಪೋಣಿಸಿದ ಹಾಗಿದೆ."

"ಹೂಂ."

"ಕಸ ಎಷ್ಟಿತ್ತು ಗೊತ್ತಾ? ಒಂದೊಂದು ವೀಡಿಯೋ ಪಕ್ಕ ಒಂದೊಂದು ಚಿಲ್ಲರೆ ಫೈಲು. ಕೆಲವು ಸಾಫ್ಟ್‌ವೇರ್ ತಾವೇ ಹುಟ್ಟಿಸ್ತವೆ, ಸೊಳ್ಳೆಮರಿ ಥರ. ಎಲ್ಲಾ ಒರೆಸಿ ಹಾಕ್ದೆ."

ಅವಳು ಡಿಸ್ಕುಗಳನ್ನೇ ನೋಡುತ್ತಿದ್ದಳು. "ಹಳೇ ಡಿಸ್ಕು?"

"ಅದನ್ನೂ ತೊಳೆದು ಎರಡನೇ ಪ್ರತಿ ಮಾಡಿದೀನಿ. ಒಂದು ಕೆಟ್ರೆ ಇನ್ನೊಂದಿರಲಿ ಅಂತ. ಎಲ್ಲ ಯೋಚನೆ ಮಾಡಿದೀನಿ ಅತ್ತಿಗೆ. ನಿಮಗೆ ತೊಂದರೆ ಕೊಡಬಾರದು ಅಂತಲೇ ಏನೂ ಕೇಳಲಿಲ್ಲ."

ಒಂದು ಚೀಟಿಯನ್ನು ತೆರೆದು ನೋಡಿದ್ದರೆ ಸಾಕಿತ್ತು. ಆದರೆ ಮೈದುನ ಫೈಲುಗಳನ್ನು ನೋಡುವುದು ಗಾತ್ರದಿಂದ. ಕಚೇರಿಯಲ್ಲಿ ಅವನ ಕೆಲಸವೇ ಅದು. ದೊಡ್ಡದು ಇಟ್ಟುಕೊಳ್ಳುವುದು, ಸಣ್ಣದು ಒರೆಸುವುದು.

ಎದೆ ಧಸಕ್ಕೆನ್ನುತ್ತದೆಯೇನೋ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಮೂವತ್ತು ವರ್ಷದ ಕೆಲಸ ಒರೆಸಿಹೋಗಿದೆ ಎಂದು ತನಗೆ ತಾನೇ ಹೇಳಿಕೊಂಡಳು, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. ಆಮೇಲೆ ಅಡುಗೆಮನೆಯ ಕಡೆ ನೋಡಿದಳು. ಹಿಟ್ಟಿನ ಡಬ್ಬದ ಪಕ್ಕ, ಹಳೆಯ ಟವೆಲ್ ಹೊದ್ದುಕೊಂಡು ಆ ಕಂಪ್ಯೂಟರ್ ಕೂತಿತ್ತು. ಅವಳು ಬರೆದದ್ದರ ಮೂಲಪ್ರತಿಯೆಲ್ಲ ಅದರ ಹೊಟ್ಟೆಯಲ್ಲಿತ್ತು. ಮೈದುನ ಮುಂದಿನ ಕೋಣೆಯನ್ನು ಜಾಲಾಡಿದ್ದ. ಅಡುಗೆಮನೆಯಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ್ದು ಏನಾದರೂ ಇರಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ.

ಹೇಳಬೇಕು ಎಂದುಕೊಂಡಳು. ಹೇಳಬಾರದೆಂಬ ಹಟವೇನೂ ಇರಲಿಲ್ಲ. ಅಷ್ಟು ಮಾತನ್ನು ಒಟ್ಟುಗೂಡಿಸಿ ಬಾಯಿಯವರೆಗೆ ತರುವ ಶಕ್ತಿ ಮಾತ್ರ ಎಲ್ಲಿಂದಲೂ ಬರಲಿಲ್ಲ.

"ಊಟಕ್ಕೆ ಬಾ, ಆರಿಹೋಗುತ್ತೆ," ಎಂದಳು.

ಡಿಸ್ಕುಗಳು ಗ್ರಂಥಾಲಯಕ್ಕೆ ಹೋದ ಮೂರನೆಯ ವಾರ ಅಲ್ಲಿನ ಮೇಡಂ ಮನೆಗೆ ಬಂದರು. ಮುಖದಲ್ಲಿ ಕಳೆಯಿರಲಿಲ್ಲ. ಮೈದುನ ಕುರ್ಚಿ ಒರೆಸಿ ಕೊಟ್ಟ. ಕಾಲು ಚಾಚಿ ಕೂತು ಬೇಸತ್ತಿದ್ದ ಅತ್ತೆಯೂ ಗೋಡೆ ಹಿಡಿದುಕೊಂಡು ಬಂದು ಕೂತರು.

"ತಪ್ಪು ತಿಳ್ಕೋಬೇಡಿ," ಮೇಡಂ ಕೈಚೀಲ ಮಡಿಲಲ್ಲಿಟ್ಟುಕೊಂಡು ಶುರುಮಾಡಿದರು. "ವೀಡಿಯೋ ಎಲ್ಲಾ ಚೆನ್ನಾಗಿವೆ. ಆದರೆ ಯಾರು, ಎಲ್ಲಿ, ಏನು, ಒಂದೂ ಗೊತ್ತಾಗ್ತಿಲ್ಲ. ಬರೀ ಮುಖಗಳು. ಒಂದು ಬಸ್ಸು ತುಂಬ ಗುರುತಿಲ್ಲದ ಜನರ ಜೊತೆ ಕೂರಿಸಿದ ಹಾಗಾಗಿದೆ. ಮೊನ್ನೆ ಒಬ್ಬಾಕೆ ತನ್ನ ಅಮ್ಮನ್ನ ಹುಡುಕಿಕೊಂಡು ಬಂದ್ರು. ಅಮ್ಮ ಸತ್ತಾಗ ಅವರಿಗೆ ಎರಡು ವರ್ಷವಂತೆ. ದನಿ ಹೇಗಿತ್ತು ಅಂತಾನೇ ಗೊತ್ತಿಲ್ವಂತೆ. ನಾಲ್ಕು ದಿನ ಕೂತು ನೋಡಿ ವಾಪಸ್ ಹೋದ್ರು. ಯಜಮಾನರು ಇದನ್ನೆಲ್ಲ ಎಲ್ಲಾದರೂ ಬರೆದಿಟ್ಟಿದ್ರಾ? ಅವರ ನೆನಪಿನ ಶಕ್ತಿ ಬಗ್ಗೆ ಊರೆಲ್ಲ ಹೇಳುತ್ತೆ."

"ಯಾರ ನೆನಪು?" ಅತ್ತೆ ಕಿವಿಗೆ ಕೈ ಹಚ್ಚಿದರು.

"ನಿಮ್ಮ ಮಗನದು, ಅಜ್ಜಿ."

"ನನ್ನ ಮಗನದಾ!" ಅತ್ತೆಗೆ ನಗು ತಡೆಯಲಾಗಲಿಲ್ಲ. ಮಗ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. "ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋನಮ್ಮ ಅವನು. ಹೆಂಡತಿ ಹುಟ್ಟಿದ ತಿಂಗಳೇ ಗೊತ್ತಿರಲಿಲ್ಲ. ಎಲ್ಲಾ ಬರೀತಿದ್ದೋಳು ಇವಳು. ಒಂದು ಕೈಲಿ ಸೌಟು, ಇನ್ನೊಂದು ಕೈಲಿ ಅದೇನೋ ಟಕಟಕ. ನನ್ನ ಚಹಾಕ್ಕೆ ಎರಡು ಸಲ ಉಪ್ಪು ಹಾಕಿದಾಳೆ, ಅದೂ ಬರೀತಾ."

ಮೇಡಂ ತಿರುಗಿ ಅವಳನ್ನು ನೋಡಿದರು. ಮೈದುನ ನೋಡಲಿಲ್ಲ. ಅವನ ಕಿವಿಯ ತುದಿ ಮೆಲ್ಲಗೆ ಕೆಂಪಾಗತೊಡಗಿತ್ತು.

"ಅತ್ತಿಗೆ... ಆ ಸಣ್ಣ ಫೈಲುಗಳು?"

"ಹೂಂ."

"ಅದು ನೀವು ಬರೆದದ್ದಾ?"

"ಹೂಂ."

"ಅಯ್ಯೋ, ಒಂದು ಮಾತು ಹೇಳಬಾರದಾ!"

ಅದಕ್ಕೆ ಅವಳು ಹೂಂ ಎನ್ನಲಿಲ್ಲ. ಮೈದುನ ಗಂಟಲು ಸರಿಮಾಡಿಕೊಂಡು ಮೇಡಂ ಕಡೆ ತಿರುಗಿದ. "ನೀವು ಚಿಂತೆ ಮಾಡಬೇಡಿ. ಅತ್ತಿಗೆ ಇನ್ನೊಂದ್ಸಲ ಬರೀತಾರೆ. ಹೇಗೂ ಮನೇಲೇ ಇರ್ತಾರಲ್ಲ, ಹೊತ್ತು ಹೋದ ಹಾಗೂ ಆಯ್ತು."

ಅವಳು ಎದ್ದು ಲೋಟಗಳನ್ನು ಒಟ್ಟುಮಾಡಿ ಒಳಗೆ ಹೋದಳು. ಮೇಡಂ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಫೋನ್ ನಂಬರು ಬರೆದ ಕಾಗದವನ್ನು ಹಿಟ್ಟಿನ ಡಬ್ಬದ ಮೇಲಿಟ್ಟರು. "ಹೋಗಿದ್ದು ಹೋಯ್ತು ಅನ್ನೋದಾದ್ರೂ ಒಂದು ಫೋನ್ ಮಾಡಿ. ಆಕೆಗೆ ಹೇಳ್ಬೇಕು, ಇನ್ನು ಬರಬೇಡಿ ಅಂತ," ಎಂದು ಹೋದರು.

ಎರಡು ವರ್ಷದ ಮಗುವಿದ್ದ ತಾಯಿ ಯಾರೆಂದು ಅವಳಿಗೆ ಗೊತ್ತಿತ್ತು. ಔಷಧದಂಗಡಿಯವನ ಮೊದಲ ಹೆಂಡತಿ. ಯಾರದೋ ನಿಶ್ಚಿತಾರ್ಥದ ವೀಡಿಯೋದಲ್ಲಿ, ಹಿನ್ನೆಲೆಯಲ್ಲಿ, ಮಗುವಿಗೆ ಬಿಸ್ಕತ್ತು ಮುರಿದುಕೊಡುತ್ತಾ, 'ಒಂದು ನಿನಗೆ, ಒಂದು ಕಾಗೆಗೆ' ಎನ್ನುತ್ತಾಳೆ. ಅದನ್ನು ಚೀಟಿಯಲ್ಲಿ ಬರೆದದ್ದು ನೆನಪಿತ್ತು. ಯಾವ ವೀಡಿಯೋ, ಎಷ್ಟನೇ ನಿಮಿಷ ಎನ್ನುವುದು ನೆನಪಿರಲಿಲ್ಲ. ನೆನಪಿಟ್ಟುಕೊಳ್ಳುವ ಅಗತ್ಯ ಬೀಳದಿರಲಿ ಎಂದೇ ಅಲ್ಲವೇ ಬರೆದದ್ದು.

ಲೋಟ ತೊಳೆದಳು. ಟವೆಲ್ ಹೊದ್ದ ಕಂಪ್ಯೂಟರನ್ನು ನೋಡಿದಳು. ಫೋನಿನ ಕಡೆ ಕೈ ಹೋಗಲಿಲ್ಲ. ನಾಳೆ ಎಂದುಕೊಂಡಳು. ಹೀಗೆ ನಾಳೆ ಎನ್ನುತ್ತಲೇ ಒಂಬತ್ತು ದಿನ ಹೋಯಿತು.

ಹತ್ತನೆಯ ದಿನ, ಭಾನುವಾರ ಬೆಳಿಗ್ಗೆ ಗುಜರಿಯವನು ಬಂದ. ಮೈದುನನೇ ಕರೆಸಿದ್ದ. ಆವತ್ತಿನ ನಂತರ ಅವನಿಗೆ ಅತ್ತಿಗೆಯ ಮುಖ ನೋಡಲು ಆಗುತ್ತಿರಲಿಲ್ಲ. ಅದಕ್ಕೇ ಮನೆಯ ಇನ್ನಷ್ಟು ಮೂಲೆಗಳನ್ನು ಸ್ವಚ್ಛಗೊಳಿಸುತ್ತಿದ್ದ. ಕೆಟ್ಟ ದೀಪಗಳು, ಮುರಿದ ಸ್ಟ್ಯಾಂಡುಗಳು, ಹಗ್ಗದಂತೆ ಸುತ್ತಿದ ತಂತಿಗಳು ಬಾಗಿಲಿಗೆ ಹೋದವು. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಳಗಿಂದ ಅತ್ತೆಯ ದನಿ ಕೇಳಿಸಿತು.

"ಅಲ್ಲೇನೋ ತೆಗೀತಿದೀಯ, ಅಡುಗೆಮನೇಲಿ?"

"ಹಳೇ ಡಬ್ಬ ಅಮ್ಮ. ಅಣ್ಣನ ಕಾಲದ್ದು. ಇದರ ಜಾಗದಲ್ಲಿ ಅತ್ತಿಗೆಗೆ ಒಂದು ಮಿಕ್ಸಿ ಇಟ್ಕೊಳ್ಳೋಕಾಗುತ್ತೆ."

ಅವಳು ಒಳಗೆ ಬರುವಾಗ ಗುಜರಿಯವನು ಕಂಪ್ಯೂಟರನ್ನು ಎದೆಗವಚಿಕೊಂಡು ಬೀದಿಬಾಗಿಲ ಹೊಸ್ತಿಲು ದಾಟುತ್ತಿದ್ದ. ಟವೆಲ್ ನೆಲಕ್ಕೆ ಬಿದ್ದಿತ್ತು. ಹಿಟ್ಟಿನ ಡಬ್ಬದ ಪಕ್ಕ, ಧೂಳಿಲ್ಲದ ಒಂದು ಚೌಕ.

"ಇಡಪ್ಪ ಅದನ್ನ ಅಲ್ಲಿ."

ಯಾರ ದನಿ ಎಂದು ಅವಳಿಗೇ ಅನಿಸಿತು. ಗುಜರಿಯವನು ನಿಂತ.

"ಅತ್ತಿಗೆ, ಅದು ಕೆಟ್ಟು..."

"ಕೆಟ್ಟಿಲ್ಲ. ನೀನು ಮುಟ್ಟಬೇಡ. ಇನ್ನು ಈ ಮನೇಲಿ ನೀನು ಏನನ್ನೂ ಸ್ವಚ್ಛ ಮಾಡಬೇಡ." ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. "ಚೀಟಿ ಎಲ್ಲಾ ಅದರಲ್ಲಿದೆ. ನಾನು ಬರೀತಿದ್ದಿದ್ದೇ ಅದರಲ್ಲಿ."

ಗುಜರಿಯವನು ಕಂಪ್ಯೂಟರನ್ನು ಮಲಗಿದ ಮಗುವನ್ನಿಡುವ ಹಾಗೆ ಮೆತ್ತಗೆ ಕೆಳಗಿಟ್ಟು, "ಹಂಗಾದ್ರೆ ದೀಪ ಅಷ್ಟೇ ತಗೊಂಡು ಹೋಗ್ತೀನಮ್ಮ," ಎಂದ. ಮೈದುನ ಹೊಸ್ತಿಲ ಮೇಲೇ ಕೂತುಬಿಟ್ಟ. ಅವನು ಅಳುತ್ತಿದ್ದ. ಅವಳು ನೋಡುತ್ತ ನಿಂತಳು. ಅವಳ ಕಣ್ಣು ಒಣಗಿಯೇ ಇತ್ತು. ಇವನಿಗೆ ಎಷ್ಟು ಸುಲಭವಾಗಿ ಬರುತ್ತದಲ್ಲ ಎನಿಸಿತು, ಅಷ್ಟೇ.

ಫೋನಿನಲ್ಲಿ ಸುದ್ದಿ ತಿಳಿದು ಮಾರನೆಯ ದಿನವೇ ಮೇಡಂ ಬಂದರು. ಚೀಟಿಗಳಿವೆ, ವೀಡಿಯೋಗಳಿವೆ. ಆದರೆ ಮೈದುನ ಕೊಟ್ಟ ಹೊಸ ನಂಬರಿನಿಂದಾಗಿ ಯಾವ ಚೀಟಿ ಯಾವುದರದೆಂದು ತಿಳಿಯುತ್ತಿರಲಿಲ್ಲ. ಚೀಟಿಯ ಮೊದಲ ಸಾಲಿನಲ್ಲಿ ವೀಡಿಯೋದ ಉದ್ದವಿದೆ, ಅದನ್ನು ಹೊಂದಿಸಿ ನೋಡುವ ಒಂದು ಪ್ರೋಗ್ರಾಮು ಬರೆದರೆ ಗಂಟೆಯೊಳಗೆ ಎಲ್ಲ ಜೋಡಿಯಾಗುತ್ತದೆ ಎಂದು ಅವನು ರಾತ್ರಿಯೇ ಉತ್ಸಾಹದಿಂದ ಲೆಕ್ಕ ಹಾಕಿದ್ದ. ಬೆಳಿಗ್ಗೆ ಚೀಟಿಗಳನ್ನು ತೆರೆದು ನೋಡಿ ಮುಖ ಬಾಡಿತ್ತು.

"'ಮುಕ್ಕಾಲು ಗಂಟೆ, ಚಿಟಿಕೆ ಕಮ್ಮಿ' ಅಂದ್ರೆ ಎಷ್ಟು ಅತ್ತಿಗೆ?"

"ನೋಡಿದ್ರೆ ಗೊತ್ತಾಗುತ್ತೆ."

"ಇದು ನೋಡಿ, 'ಅತ್ತೆಯ ಬಿಸಿನೀರು ಕಾಯುವಷ್ಟು.' ಇದನ್ನ ಕಂಪ್ಯೂಟರಿಗೆ ನಾನು ಹೇಗೆ ಹೇಳಲಿ?"

"ಕಂಪ್ಯೂಟರಿಗೆ ಯಾಕೆ ಹೇಳ್ತೀಯ? ಇಪ್ಪತ್ತೆರಡು ನಿಮಿಷ," ಎಂದರು ಅತ್ತೆ. "ಚಳಿಗಾಲದಲ್ಲಿ ಇಪ್ಪತ್ತೈದು."

ಮೇಡಂ ನಕ್ಕರು. ಒಂದೊಂದನ್ನೂ ತೆರೆದು, ನೋಡಿ, ಚೀಟಿಯ ಹೆಸರು ತಿದ್ದಿ ಜೋಡಿಸಬೇಕು. ಅದು ಆಗುವುದು ಬರೆದವಳಿಂದ ಮಾತ್ರ ಎಂಬುದು ಎಲ್ಲರಿಗೂ ಅರ್ಥವಾಯಿತು.

"ಇಲ್ಲೇ ಮಾಡಬಹುದಲ್ಲ," ಮೈದುನ ಹೇಳಿದ. "ಡಿಸ್ಕು ತರಿಸ್ತೀನಿ. ಅಡುಗೆ ಮಧ್ಯೆ ಮಧ್ಯೆ, ಮೊದಲಿನ ಹಾಗೇ."

"ಇಲ್ಲಿ ಆಗಲ್ಲ," ಎಂದಳು. ಸಿಟ್ಟಿನಿಂದಲ್ಲ. ಹಾಲು ಒಡೆದಿದೆ ಎನ್ನುವ ದನಿಯಲ್ಲಿ. ಮೇಡಂ ಕಡೆ ತಿರುಗಿ, "ಗ್ರಂಥಾಲಯದಲ್ಲಿ ಒಂದು ಮೇಜು ಹಾಕ್ಸಿ. ಹತ್ತರಿಂದ ಐದು ಬರ್ತೀನಿ. ಕೆಲಸಕ್ಕೆ ತಗೊಂಡಿದೀವಿ ಅಂತ ಒಂದು ಕಾಗದ ಕೊಡಿ. ಕಿಟಕಿ ಎದುರಿಗೆ ಬೇಡ, ಪರದೆ ಮೇಲೆ ಬಿಸಿಲು ಬೀಳುತ್ತೆ."

"ಮಧ್ಯಾಹ್ನ ಊಟಕ್ಕೆ?" ಮೈದುನ ಕೇಳಿದ. ಬಾಯಿ ತಪ್ಪಿ ಬಂದ ಮಾತು.

"ಯಾಕಪ್ಪ," ಅತ್ತೆ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಆರು ಸಾವಿರಕ್ಕೆ ಹೊಸ ಹೆಸರಿಟ್ಟೆ. ಒಲೆ ಮೇಲೆ ಒಂದು ಪಾತ್ರೆ ಇಡೋಕೆ ಬರಲ್ವಾ? ನನಗೂ ಸೇರಿಸಿ ಇಡು. ಉಪ್ಪು ಕಮ್ಮಿ."

ಕೆಲಸದ ಕಾಗದ ಬಂದದ್ದು ಹದಿನೈದು ದಿನ ಕಳೆದ ಮೇಲೆ. ಗ್ರಂಥಾಲಯದ ಆ ಕೋಣೆಯ ಬಾಗಿಲಿಗೆ ಗಂಡನ ಹೆಸರಿನ ಫಲಕ ಆಗಲೇ ಬಿದ್ದಿತ್ತು. ಅವಳು ದಿನಾ ಬೆಳಿಗ್ಗೆ ಆ ಹೆಸರಿನ ಕೆಳಗೆ ಹಾದು ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಮೊದಲ ವಾರ ಕಿವಿ ಸುಮ್ಮನೆ ಕುಕ್ಕರಿನ ಕೂಗಿಗೆ ಕಾಯುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಮೈ ತಾನಾಗಿ ಎದ್ದು ನಿಲ್ಲಲು ಹೊರಡುತ್ತಿತ್ತು. ಯಾರೂ ಕೂಗುತ್ತಿರಲಿಲ್ಲ. ಒಂದೇ ಸಮನೆ ಎರಡು ಗಂಟೆ ಕೂತು ಒಂದೇ ಕೆಲಸ ಮಾಡಬಹುದು ಎನ್ನುವುದು ಈ ವಯಸ್ಸಿನಲ್ಲಿ ತಿಳಿಯಿತು.

ಬಿಸ್ಕತ್ತಿನ ತಾಯಿ ಸಿಕ್ಕಿದ್ದು ನಾಲ್ಕನೆಯ ವಾರ. ಮಗಳಿಗೆ ಫೋನ್ ಹೋಯಿತು. ಆಕೆ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹನ್ನೆರಡು ಸೆಕೆಂಡಿನ ಆ ದನಿಯನ್ನು ಮತ್ತೆ ಮತ್ತೆ ಕೇಳಿದಳು. ಹೋಗುವಾಗ ಬಾಗಿಲ ಮೇಲಿನ ಫಲಕಕ್ಕೆ ಕೈಮುಗಿದು ಹೋದಳು. ಒಳಗಿನ ಮೇಜಿನಿಂದ ಅದು ಕಾಣುತ್ತಿತ್ತು. ಅವಳು ಮುಂದಿನ ಚೀಟಿ ತೆರೆದಳು.

ಅದಾಗಿ ಒಂದು ತಿಂಗಳಿಗೆ, ಒಬ್ಬ ಹೆಡ್‌ಮಾಸ್ಟರರ ನಿವೃತ್ತಿಯ ಸಮಾರಂಭ ಕೈಗೆ ಬಂತು. ಚೀಟಿಯಲ್ಲಿ ಹೀಗಿತ್ತು: 'ಒಂದೂವರೆ ಗಂಟೆ, ಚಿಟಿಕೆ ಹೆಚ್ಚು. ಕೊನೆಯ ಹತ್ತೊಂಬತ್ತು ನಿಮಿಷ ಗೋಡೆ. ಬೇಡ.'

ಬೇಡ ಎಂದು ಬರೆದ ಭಾಗಗಳನ್ನು ಕತ್ತರಿಸಿ ಜಾಗ ಉಳಿಸುವುದೆಂದು ಗ್ರಂಥಾಲಯದಲ್ಲಿ ತೀರ್ಮಾನವಾಗಿತ್ತು. ಕತ್ತರಿಸುವ ಮುಂಚೆ ಒಮ್ಮೆ ನೋಡಬೇಕು. ಅವಳು ಕೊನೆಗೆ ಓಡಿಸಿದಳು.

ಹೌದು, ಗೋಡೆ. ಅವಳೂ ಹೋಗಿದ್ದ ಆ ಸಮಾರಂಭ ಮುಗಿಸಿ ಬಂದ ಗಂಡ ಕ್ಯಾಮೆರಾ ನಿಲ್ಲಿಸಲು ಮರೆತು ಸ್ಟುಡಿಯೋದ ಮೇಜಿನ ಮೇಲೆ ಇಟ್ಟಿದ್ದ. ಅದು ನಡುಗೋಡೆಯನ್ನೇ ನೋಡುತ್ತ ಕೂತಿತ್ತು. ಸುಣ್ಣ ಎದ್ದ ಜಾಗ, ತಂತಿಯ ತೂತು, ಕ್ಯಾಲೆಂಡರಿನ ಒಂದು ಮೂಲೆ. ಚಪ್ಪಲಿ ಬಿಡುವ ಸದ್ದು. ಕೆಮ್ಮು. ಆಮೇಲೆ ಅವನ ದನಿ.

"ಇವಳೇ... ಆ ನೀಲಿ ಕೋಟಿನವರು ಯಾರೇ?"

ಗೋಡೆಯ ಆಚೆ ನಲ್ಲಿ ನಿಂತಿತು. ದೂರದಿಂದ, ಬಾವಿಯೊಳಗಿಂದ ಬಂದಂತೆ, ಒಬ್ಬ ಹೆಂಗಸಿನ ದನಿ. ಅವಳು ಸದ್ದು ಹೆಚ್ಚಿಸಿದಳು.

"ಹೆಡ್‌ಮಾಸ್ಟರ್ ತಮ್ಮ. ಹನ್ನೊಂದು ವರ್ಷದಿಂದ ಮಾತಿಲ್ಲ. ಆದರೂ ಬಂದಿದಾರೆ ನೋಡಿ. ಅವರ ಮುಖ ಕತ್ತರಿಸಬೇಡಿ ರೀ."

"ಹಾಂ."

ಅಷ್ಟೇ. ನಲ್ಲಿ ಮತ್ತೆ ಶುರುವಾಯಿತು. ಪಾತ್ರೆಗೆ ಪಾತ್ರೆ ತಾಗಿತು. ಅವನು ಏನೋ ಗುನುಗಿದ. ಏನನ್ನೋ ಹೆಚ್ಚುವ ಸದ್ದು, ನಿಂತು ನಿಂತು ಬರುವ ಟಕಟಕ, ಮತ್ತೆ ಹೆಚ್ಚುವ ಸದ್ದು. ಪರದೆಯ ಮೇಲೆ ಗೋಡೆ. ಅವಳು ಹತ್ತೊಂಬತ್ತು ನಿಮಿಷವೂ ಕದಲದೆ ಕೂತು ನೋಡಿದಳು. ಅಳು ಬರಲಿಲ್ಲ. ಬರಬಹುದೆಂದು ಕಾಯಲೂ ಇಲ್ಲ.

ಮುಗಿದ ಮೇಲೆ ಚೀಟಿ ತೆರೆದು 'ಬೇಡ' ಎನ್ನುವುದನ್ನು ಅಳಿಸಿದಳು. 'ಇರಲಿ' ಎಂದು ಬರೆದಳು. ಅದರ ಕೆಳಗೆ ನಿಮಿಷ ಹಾಕಿ: 'ಕೇಳುವವರು ಸ್ಟುಡಿಯೋದವರು. ಗೋಡೆಯ ಆಚೆಯಿಂದ ಹೇಳುವವಳು ಅವರ ಹೆಂಡತಿ.'

ಓದಿ ನೋಡಿದಳು. 'ಅವರ ಹೆಂಡತಿ' ಎನ್ನುವುದನ್ನು ತೆಗೆದು 'ಚೀಟಿ ಬರೆಯುವವಳು' ಎಂದು ಮಾಡಿದಳು. ವೀಡಿಯೋದ ಹೊಸ ನಂಬರನ್ನು ಚೀಟಿಗೂ ಕೊಟ್ಟು, ಎರಡನ್ನೂ ಜೊತೆಗೇ ಎತ್ತಿ ಅದರ ಜಾಗದಲ್ಲಿಟ್ಟಳು.

ಐದು ಗಂಟೆಯಾಗಿತ್ತು. ಎದ್ದರೆ ಎಡಗಾಲು ಜೋಮು ಹಿಡಿದಿತ್ತು. ಮೇಜಿನ ಅಂಚು ಹಿಡಿದು ನಿಂತಳು. ಇರುವೆ ಹರಿದಂತೆ ಪಾದ ಚುಚ್ಚತೊಡಗಿತು, ಆಮೇಲೆ ಮೀನಖಂಡ. ಬಾಗಿಲು ಹಾಕಲು ಬಂದ ಮೇಡಂ, "ಏನಾಯ್ತು?" ಎಂದರು.

"ಏನಿಲ್ಲ. ಕಾಲಿಗೆ ಜೀವ ಬರ್ತಿದೆ," ಎಂದಳು. "ಒಂದು ನಿಮಿಷ ಇರಿ."